ಮಾತು ನಿಲ್ಲಿಸಿ, ಸಿನಿಮಾ ತೋರಿಸಿ

ಮಾನ್ಯ ಸಂಪಾದಕರೇ,

ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಬಡಾವಣೆಯ ಸಿನಿಮಾ ಪ್ರದರ್ಶನದ ವರದಿ ಓದಿದೆ. ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷರ ಪ್ರಚಾರ ಚಿತ್ರಗಳ ಪ್ರದರ್ಶನ 'ಯಶಸ್ವಿ' ಅಂತ ಬರೆದಿದ್ದೀರಿ. ಯಾರಿಗೆ ಯಶಸ್ವಿ ಸ್ವಾಮಿ? ದೀಪ ಹಚ್ಚುವ ಫೋಟೊ ಸಿಕ್ಕ ಕೂಡಲೇ ನಿಮ್ಮ ವರದಿಗಾರರು ಎದ್ದು ಹೋದರು. ಆಮೇಲೆ ನಡೆದದ್ದನ್ನು ಕೂತು ಅನುಭವಿಸಿದವರು ನಾವು.

ಸಂಜೆ ಐದೂವರೆಗೆ ಶುರು ಅಂತ ಕರಪತ್ರದಲ್ಲಿತ್ತು. ಅದನ್ನು ನಂಬಿ ನಮ್ಮ ತಾಯಿಯನ್ನೂ ಕರೆದುಕೊಂಡು ಹೊರಟೆ. ಅವರಿಗೆ ಎಂಬತ್ತು ದಾಟಿದೆ. ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಸರ್ಕಾರದ ರೀಲು ನೋಡಿಕೊಂಡೇ ಬೆಳೆದವರು. ಮಳೆ ಜೋರಾಗಿತ್ತು. ಮುಖ್ಯರಸ್ತೆ ಅಗೆದು ಬಿಟ್ಟು ಎಷ್ಟು ಕಾಲವಾಯಿತು ಅಂತ ನಿಮಗೂ ಗೊತ್ತು. ಆಟೊದವರು ಆ ಕೆಸರಿಗೆ ಇಳಿಯಲ್ಲ ಅಂದರು. ಉಳಿದ ದಾರಿ ಅಮ್ಮನ ಕೈ ಹಿಡಿದು ನಡೆಸಿದೆ. ಒಳಗೆ ಬಂದರೆ ಮುಂದಿನ ಸಾಲೆಲ್ಲ ಗಣ್ಯರಿಗೆ ಮೀಸಲು. ಕೊನೆಯವರೆಗೂ ಅರ್ಧ ಖಾಲಿ ಇದ್ದರೂ ಅಮ್ಮನಿಗೆ ಅಲ್ಲಿ ಕೂರಲು ಬಿಡಲಿಲ್ಲ. ಮುಖ್ಯ ಅತಿಥಿಗಳು ಬಂದಾಗ ಏಳು ಗಂಟೆ ಹತ್ತಿರ. ಆಮೇಲೆ ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಹಣ್ಣಿನ ಬುಟ್ಟಿ. ಸಿನಿಮಾ ನೋಡಲು ಬಂದ ನಾವು ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾದೆವು.

ಇದನ್ನೆಲ್ಲ ಹೇಗೋ ತಡೆದುಕೊಂಡೆ. ತಡೆಯಲಾಗದೇ ಹೋದದ್ದು 'ಲಿಸನ್ ಟು ಬ್ರಿಟನ್' ಚಿತ್ರಕ್ಕೆ ಮಾಡಿದ ಗತಿ. 1942ರ ಈ ಚಿತ್ರ ಹಂಫ್ರಿ ಜೆನ್ನಿಂಗ್ಸ್ ಮತ್ತು ಸ್ಟುವರ್ಟ್ ಮ್ಯಾಕ್‌ಅಲಿಸ್ಟರ್ ಅವರದ್ದು. ಇರುವುದೇ ಸುಮಾರು ಇಪ್ಪತ್ತು ನಿಮಿಷ. ಚಿತ್ರದ ಒಡಲಲ್ಲಿ ವಿವರಣೆಯ ದನಿಯೇ ಇಲ್ಲ. ಗದ್ದೆಯ ಮೇಲೆ ಹಾರುವ ಯುದ್ಧವಿಮಾನ, ಬ್ಲ್ಯಾಕ್‌ಪೂಲ್‌ನ ಡ್ಯಾನ್ಸ್ ಹಾಲು, ರಾತ್ರಿ ರೈಲಿನಲ್ಲಿ ಹಾಡುವ ಕೆನಡಾದ ಸೈನಿಕರು, ಮೆಷಿನ್ ಮುಂದೆ ರೇಡಿಯೊ ಜೊತೆ ಗುನುಗುವ ಹೆಣ್ಣುಮಕ್ಕಳು, ಎಲ್ಲವನ್ನೂ ಸದ್ದಿನಲ್ಲೇ ಪೋಣಿಸಿದ್ದಾರೆ. ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಫ್ಲಾನಗನ್ ಮತ್ತು ಆಲನ್ ಅನ್ನುವ ಜೋಡಿ ಹಾಡುತ್ತದೆ. ಕಾರ್ಮಿಕರು ಊಟ ಮಾಡುತ್ತಾ ದನಿಗೂಡಿಸುತ್ತಾರೆ. ಆ ಹಾಡು ಮುಗಿಯುವ ಜಾಗದಲ್ಲೇ ಮೊಟ್ಸಾರ್ಟ್‌ನ ಶಾಸ್ತ್ರೀಯ ಸಂಗೀತ ಎದ್ದು ಬರುತ್ತದೆ. ನೋಡಿದರೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೈರಾ ಹೆಸ್ ಪಿಯಾನೊ ನುಡಿಸುತ್ತಿದ್ದಾರೆ. ಬಾಂಬಿನ ಭಯಕ್ಕೆ ಅಲ್ಲಿದ್ದ ಚಿತ್ರಪಟಗಳನ್ನೆಲ್ಲ ವೇಲ್ಸ್‌ಗೆ ಸಾಗಿಸಿದ್ದರು. ಆ ಕಟ್ಟಡದಲ್ಲೇ ಮಧ್ಯಾಹ್ನದ ಹೊತ್ತು ಸಂಗೀತ ಕಚೇರಿ ಇಡುತ್ತಿದ್ದರು. ಕ್ಯಾಂಟೀನಿನ ಹಾಡಿಗೂ ರಾಣಿ ಬಂದು ಕೂತ ಕಚೇರಿಗೂ ನಡುವೆ ಗೋಡೆ ಇಲ್ಲ ಅಂತ ಒಂದು ಮಾತೂ ಆಡದೆ ಹೇಳಿಬಿಟ್ಟರು. ಇಡೀ ಚಿತ್ರದ ಜೀವ ಇರುವುದು ಆ ಕೆಲವೇ ಕ್ಷಣಗಳಲ್ಲಿ.

ನಮ್ಮ ಮುಖ್ಯ ಅತಿಥಿಗಳು ಸರಿಯಾಗಿ ಅದೇ ಹೊತ್ತಿಗೆ ಮೈಕು ಹಿಡಿದಿದ್ದರು! ಪ್ರೇಕ್ಷಕರಿಗೆ ಅರ್ಥವಾಗಲಿ ಅಂತ ವಿವರಣೆ ಕೊಡುತ್ತಾರಂತೆ. ಅವರ ಮಾತು ಕೇಳಲಿ ಅಂತ ಸಿನಿಮಾದ ವಾಲ್ಯೂಮ್ ಇಳಿಸಿದರು. ಕ್ಯಾಂಟೀನಿನ ಹಾಡು ಹೋಯಿತು, ಮೊಟ್ಸಾರ್ಟ್ ಹೋದ. 'ಇಲ್ಲಿ ಯಾರೋ ಒಬ್ಬ ಮಹಿಳೆ ಪಿಯಾನೊ ನುಡಿಸುತ್ತಿದ್ದಾರೆ' ಅನ್ನುವ ಮಾತು ಮಾತ್ರ ನಮ್ಮ ಕಿವಿಗೆ ಬಿತ್ತು. ಅದು ಕಣ್ಣಿಗೆ ಕಾಣುತ್ತಲೇ ಇತ್ತಲ್ಲ! 'ಸ್ವಲ್ಪ ಸುಮ್ಮನಿರಿ, ಕೇಳಿಸಿಕೊಳ್ಳಲು ಬಿಡಿ' ಅಂತ ನಾನು ಹಿಂದಿನಿಂದ ಕೂಗಿದೆ. ಸ್ವಯಂಸೇವಕ ಹುಡುಗ ಓಡಿ ಬಂದು 'ಅಂಕಲ್, ಗಲಾಟೆ ಮಾಡಬೇಡಿ' ಅಂದ. ಗಲಾಟೆ ಯಾರದ್ದು ಅಂತ ಓದುಗರೇ ಹೇಳಲಿ.

ಮುಂದಿನದು 'ಫೈರ್ಸ್ ವರ್ ಸ್ಟಾರ್ಟೆಡ್', 1943ರದ್ದು, ಅದೂ ಜೆನ್ನಿಂಗ್ಸ್‌ ಅವರದ್ದೇ. ಲಂಡನ್ ಮೇಲೆ ರಾತ್ರಿಯೆಲ್ಲ ಬಾಂಬು ಬೀಳುತ್ತಿದ್ದ ದಿನಗಳ ಅಗ್ನಿಶಾಮಕ ದಳದ ಕಥೆ. ಅದರಲ್ಲಿ ಇರುವವರು ವೃತ್ತಿ ನಟರಲ್ಲ, ಬೆಂಕಿ ಆರಿಸಿ ಅನುಭವ ಇದ್ದ ನಿಜವಾದ ಸಿಬ್ಬಂದಿ. ಆಗಿನ ಸಿನಿಮಾದ ಚೌಕಟ್ಟು ಹೆಚ್ಚುಕಮ್ಮಿ ಚೌಕ. ಇವರು ಅದನ್ನು ಈಗಿನ ಅಗಲ ಪರದೆ ತುಂಬುವ ಹಾಗೆ ಎಳೆದಿದ್ದರು. ಆ ಗಂಭೀರ ಮುಖಗಳು ಕುಂಬಳಕಾಯಿ ಹಾಗೆ ಊದಿಕೊಂಡು ಕಾಣುತ್ತಿದ್ದವು. ರಿಮೋಟಿನಲ್ಲಿ ಸರಿ ಮಾಡಬಹುದು ಅಂತ ಹೇಳಿಕಳಿಸಿದೆ. 'ಆಪರೇಟರ್ ಊಟಕ್ಕೆ ಹೋಗಿದ್ದಾರೆ' ಅಂದರು.

ಆ ಚಿತ್ರದಲ್ಲಿ ಮೊದಲು ಸುಮಾರು ಹೊತ್ತು ಏನೂ ಆಗುವುದಿಲ್ಲ. ಹೊಸಬನೊಬ್ಬ ಕೆಲಸಕ್ಕೆ ಸೇರುತ್ತಾನೆ. ರಾತ್ರಿ ಪಾಳಿಗೆ ತಯಾರಾದವರು ಒಬ್ಬೊಬ್ಬರಾಗಿ ಕೋಣೆಗೆ ಬರುತ್ತಾರೆ. ಒಬ್ಬ ಪಿಯಾನೊ ನುಡಿಸುತ್ತಾನೆ, ಪ್ರತಿಯೊಬ್ಬ ಒಳಗೆ ಬಂದಾಗಲೂ ಹಾಡಿಗೆ ಒಂದು ಸಾಲು ಸೇರುತ್ತದೆ. ಇವರನ್ನು ನಾವು ಹಚ್ಚಿಕೊಳ್ಳಬೇಕು, ಆಮೇಲೆ ಬೆಂಕಿ ಬೀಳಬೇಕು. ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು, ಪಕ್ಕದಲ್ಲೇ ಉರಿಯುವ ಗೋದಾಮು, ಚಾವಣಿ ಮೇಲೆ ಸಾಯುವ ಒಬ್ಬ ಗೆಳೆಯ. ನಮಗೆ ತೋರಿಸಿದ್ದು ಹಾಡಿನವರೆಗೆ! ಸಭಾಂಗಣಕ್ಕೆ ಬೀಗ ಹಾಕುವ ಹೊತ್ತಾಯಿತು ಅಂತ ಅಲ್ಲಿಗೇ ನಿಲ್ಲಿಸಿದರು. 'ಬೆಂಕಿ ಎಲ್ಲಿ ಬಿತ್ತೋ?' ಅಂತ ಅಮ್ಮ ಕೇಳಿದರು. ನಾನು ಏನು ಹೇಳಲಿ? ಎರಡು ಭಾಷಣ ಕಡಿಮೆ ಮಾಡಿದ್ದರೆ ಪೂರ್ತಿ ನೋಡಬಹುದಿತ್ತು.

ವಿವರಣೆ ಬೇಕಾಗಿದ್ದ ಕಡೆ ಬಾಯಿ ಬಿಟ್ಟರೇ? ಅದೂ ಇಲ್ಲ. ರಿಚರ್ಡ್ ಮ್ಯಾಸಿಂಗ್‌ಹ್ಯಾಮ್ ಅವರ 1942ರ 'ದಿ ಫೈವ್-ಇಂಚ್ ಬಾದರ್' ಹಾಕಿದರು. ಸ್ನಾನದ ತೊಟ್ಟಿಗೆ ಐದಿಂಚು ನೀರು ಮಾತ್ರ ಬಿಟ್ಟುಕೊಳ್ಳಿ ಅಂತ ಹೇಳುವ ಪುಟ್ಟ ಚಿತ್ರ. ನೀರು ಕಾಯಿಸುವ ಇಂಧನ ಯುದ್ಧಕ್ಕೆ ಉಳಿಯಲಿ ಅಂತ ಮಾಡಿದ್ದು. ಇಷ್ಟು ಹೇಳಿದ್ದರೆ ಸಾಕಿತ್ತು. 'ಒಂದು ತಮಾಷೆ ಚಿತ್ರ' ಅಂದು ಮುಗಿಸಿಬಿಟ್ಟರು.

ಆ ಚಿತ್ರಗಳ ಹಿಂದೆ ಇದ್ದದ್ದೂ ಒಂದು ಸರ್ಕಾರಿ ಇಲಾಖೆಯೇ ಅಲ್ವಾ? ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಕಟ್ಟಡದಲ್ಲಿ ಕೂತಿದ್ದ ಮಾಹಿತಿ ಸಚಿವಾಲಯ. ಅಲ್ಲೂ ಗೊಂದಲ, ಜಗಳ ಎಲ್ಲ ಇತ್ತು. ಆದರೂ 1940ರಿಂದ ವಾರಕ್ಕೊಂದರಂತೆ ಐದು ನಿಮಿಷದ ಚಿತ್ರ ಮಾಡಿ ಥಿಯೇಟರುಗಳಿಗೆ ಉಚಿತವಾಗಿ ಕೊಟ್ಟರು. ಥಿಯೇಟರ್ ಇಲ್ಲದ ಹಳ್ಳಿಗೆ ವ್ಯಾನಿನಲ್ಲಿ ಪ್ರೊಜೆಕ್ಟರ್ ಹೊತ್ತುಕೊಂಡು ಹೋದರು. ಫ್ಯಾಕ್ಟರಿಯಲ್ಲಿ ಊಟದ ವಿರಾಮಕ್ಕೆ ಸರಿಯಾಗಿ ತೋರಿಸಿದರು. ಜನರ ಸಮಯಕ್ಕೆ ಅಧಿಕಾರಿಗಳು ಹೊಂದಿಕೊಂಡರು. ಇಲ್ಲಿ ನಾವು ಹೊಂದಿಕೊಳ್ಳಬೇಕು.

ನಮ್ಮ ವಾರ್ಡಿನಲ್ಲಿ ನೀರು ಯಾವ ದಿನ ಬರುತ್ತದೆ ಅಂತ ಇವತ್ತಿನವರೆಗೆ ಯಾರಾದರೂ ಸರಿಯಾಗಿ ತಿಳಿಸಿದ್ದಾರಾ? ಹಸಿ ಕಸ, ಒಣ ಕಸದ ನೋಟಿಸನ್ನು ಕಚೇರಿಯ ಮೆಟ್ಟಿಲ ಹಿಂದೆ, ಬೆಳಕಿಲ್ಲದ ಗೋಡೆಗೆ ಅಂಟಿಸಿದ್ದಾರೆ. ಓದಬೇಕಾದರೆ ಟಾರ್ಚು ಬೇಕು. ರಸ್ತೆ ಅಗೆಯುವವರು ಒಂದು ಬೋರ್ಡೂ ಇಡುವುದಿಲ್ಲ. ಇದರ ಬಗ್ಗೆ ಕೊಟ್ಟ ಅರ್ಜಿಗೆ ಉತ್ತರ ಕೇಳಲು ಹೋದರೆ 'ಆ ಸೆಕ್ಷನ್ ಬೇರೆ' ಅನ್ನುತ್ತಾರೆ. ಹಳೆಯ ಪುಸ್ತಕಗಳನ್ನು ನಮ್ಮ ಗ್ರಂಥಾಲಯದಿಂದ ಮೂಟೆ ಕಟ್ಟಿ ಸಾಗಿಸಿದಾಗಲೂ ಇದೇ ಉತ್ತರ ಬಂದಿತ್ತು. ಜನರಿಗೆ ಒಂದು ವಿಷಯ ತಿಳಿಸುವುದು ತಮ್ಮ ಕೆಲಸ ಅಂತ ಇವರಿಗೆ ಅನ್ನಿಸುವುದೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಕರಪತ್ರದಲ್ಲಿ 'ಯುದ್ಧಕಾಲದ ಭಾರತದ ಪ್ರಚಾರ ಚಿತ್ರಗಳು' ಅಂತ ಒಂದು ಭಾಗ ಇತ್ತು. ಅದನ್ನು ಪೂರ್ತಿ ಕೈಬಿಟ್ಟರು, ಯಾಕೆ ಅಂತ ಹೇಳಲೂ ಇಲ್ಲ. ಬ್ರಿಟಿಷರ ಧೈರ್ಯ, ಶಿಸ್ತು ಅಂತ ಹೊಗಳಿ ಭಾಷಣ ಮುಗಿಸಿದರು. ಧೈರ್ಯ ಇತ್ತು, ಒಪ್ಪುತ್ತೇನೆ, ಆ ಚಿತ್ರಗಳು ನನಗೆ ತುಂಬಾ ಇಷ್ಟ. ಆದರೆ ಅವು ಪ್ರಚಾರ ಚಿತ್ರಗಳು. 1940ರ 'ಲಂಡನ್ ಕ್ಯಾನ್ ಟೇಕ್ ಇಟ್' ಚಿತ್ರಕ್ಕೆ ಅಮೆರಿಕದ ಪತ್ರಕರ್ತ ಕ್ವೆಂಟಿನ್ ರೆನಾಲ್ಡ್ಸ್ ದನಿ ಕೊಟ್ಟದ್ದು ಸುಮ್ನೆ ಅಲ್ಲ. ಇನ್ನೂ ಯುದ್ಧಕ್ಕೆ ಇಳಿಯದ ಅಮೆರಿಕದವರ ಮನಸ್ಸು ಗೆಲ್ಲಬೇಕಿತ್ತು. ನಮ್ಮ ಮನಸ್ಸು ಗೆಲ್ಲುವ ಕಷ್ಟ ಅವರು ಅಷ್ಟಾಗಿ ತೆಗೆದುಕೊಳ್ಳಲಿಲ್ಲ. ಕಾನೂನು ತಂದರು. 1943ರಲ್ಲಿ ಭಾರತ ರಕ್ಷಣಾ ನಿಯಮಗಳ ಅಡಿ, ಸರ್ಕಾರ ಒಪ್ಪಿದ ರೀಲುಗಳನ್ನು ಪ್ರತಿ ಆಟದಲ್ಲೂ ತೋರಿಸಲೇಬೇಕು ಅಂತ ಟಾಕೀಸುಗಳಿಗೆ ಆಜ್ಞೆಯಾಯಿತು. ಸರ್ಕಾರದ ಚಿತ್ರ ತಯಾರಿಸುತ್ತಿದ್ದ 'ಇನ್ಫರ್ಮೇಶನ್ ಫಿಲ್ಮ್ಸ್ ಆಫ್ ಇಂಡಿಯಾ' ಸಂಸ್ಥೆ, 'ಇಂಡಿಯನ್ ನ್ಯೂಸ್ ಪೆರೇಡ್' ಅನ್ನುವ ಸುದ್ದಿ ರೀಲು ಎರಡೂ ಆಗಿನವು. ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. 25 ಲಕ್ಷ ಭಾರತೀಯರು ಬ್ರಿಟಿಷರ ಪರ ಹೋರಾಡಿದ ಸೈನ್ಯದಲ್ಲಿದ್ದರು. ಇದನ್ನೆಲ್ಲ ಬಿಟ್ಟು ಬ್ರಿಟಿಷರ ಶಿಸ್ತಿನ ಮೇಲೆ ಭಾಷಣ ಮಾಡಿದರೆ ಕೇಳಿದ ಮಕ್ಕಳು ಏನಂತ ತಿಳಿಯಬೇಕು? ಅಲ್ಲಿ ಕಾಲೇಜು ಹುಡುಗರು ನೋಟ್ಸ್ ಬರೆದುಕೊಳ್ಳುತ್ತಿದ್ದರು.

ಆ ಇನ್ಫರ್ಮೇಶನ್ ಫಿಲ್ಮ್ಸ್ ಸಂಸ್ಥೆ 1946ರಲ್ಲಿ ಮುಚ್ಚಿತು. 1948ರಲ್ಲಿ ನಮ್ಮದೇ ಸರ್ಕಾರದ ಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಬಂತು, ಸಿನಿಮಾಕ್ಕೆ ಮೊದಲು ಸರ್ಕಾರದ ರೀಲು ತೋರಿಸುವ ಕಡ್ಡಾಯವೂ ಮತ್ತೆ ಬಂತು. ನಮ್ಮ ತಾಯಿ ನೋಡಿದ್ದು ಆ ರೀಲುಗಳನ್ನೇ. ಆ ಕೊಂಡಿ ಎಲ್ಲಿಂದ ಬಂತು ಅಂತ ಅವರಿಗೆ ತೋರಿಸಬೇಕು ಅಂತಲೇ ಮಳೆಯಲ್ಲಿ ಕರೆದುಕೊಂಡು ಹೋಗಿದ್ದೆ.

ಸಂಬಂಧಪಟ್ಟವರು ಈ ಕಾರ್ಯಕ್ರಮವನ್ನು ಮತ್ತೆ ಮಾಡಬೇಕು. ಭಾಷಣ ಬೇಡ, ಶಾಲು ಬೇಡ, ಚಿತ್ರಗಳನ್ನು ಪೂರ್ತಿ ಹಾಕಿ, ಭಾರತದ ಭಾಗವನ್ನೂ ಹಾಕಿ. ಹಾಗೆ ಮಾಡಲು ಬರದಿದ್ದರೆ ಇಂಥ ಕಾರ್ಯಕ್ರಮಗಳನ್ನು ಕೈಗೆತ್ತಿಕೊಳ್ಳಲೇಬೇಡಿ, ತಿಳಿದವರಿಗೆ ಬಿಟ್ಟುಕೊಡಿ. ಅಧಿಕಾರಿಗಳಿಗೆ ಇನ್ನಾದರೂ ಬುದ್ಧಿ ಬರಲಿ. ನೀವೂ ಅಷ್ಟೇ ಸಂಪಾದಕರೇ, ಯಾರೋ ಕಳಿಸಿದ ಪ್ರಕಟಣೆಯನ್ನು ಹಾಗೇ ಅಚ್ಚು ಹಾಕುವ ಬದಲು ಕೊನೆಯವರೆಗೆ ಕೂತು ನೋಡುವವರನ್ನು ಕಳಿಸಿ. ಆ ರಸ್ತೆಯನ್ನೂ ಯಾರಾದರೂ ಮೊದಲು ಮುಚ್ಚಿಸಿ.

ಇಂತಿ,
ನಿಮ್ಮ ಹಳೆಯ ಓದುಗ, ಬೆಂಗಳೂರು