ವೆನ್ ಅಂದ್ರೆ ಬರೀ ‘ಯಾವಾಗ’ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಪೇಪರ್‌ಗಳಲ್ಲಿ ಬರೋ ಇಂಗ್ಲಿಷ್ ಕಲಿಕೆ ಕಾಲಂಗಳು, ಬೇಗ ಇಂಗ್ಲಿಷ್ ಕಲಿಸ್ತೀವಿ ಅನ್ನೋ ಪುಸ್ತಕಗಳು, ಯಾವುದನ್ನ ತೆಗೆದು ನೋಡಿದ್ರೂ ಒಂದೇ ಪಟ್ಟಿ, ವೆನ್ ಅಂದ್ರೆ ಯಾವಾಗ, ವೇರ್ ಅಂದ್ರೆ ಎಲ್ಲಿ, ಹೌ ಅಂದ್ರೆ ಹೇಗೆ, ವೈ ಅಂದ್ರೆ ಯಾಕೆ, ಮುಗೀತು, ಮುಂದಿನ ಪಾಠ. ಪಟ್ಟಿ ಸುಳ್ಳು ಅಂತ ನಾನು ಹೇಳ್ತಿಲ್ಲ, ಅರ್ಧ ಮಾತ್ರ ಇದೆ ಅಂತಿದೀನಿ. ಈ ಪದಗಳು ಪ್ರಶ್ನೆ ಕೇಳ್ತಾವೆ ನಿಜ, ಜೊತೆಗೆ ಎರಡು ವಾಕ್ಯಗಳನ್ನ ಸೇರಿಸಿ ಹೊಲಿಯೋ ಕೆಲಸನೂ ಮಾಡ್ತಾವೆ, ಆ ಎರಡನೇ ಕೆಲಸ ಯಾರೂ ಬಿಡಿಸಿ ಹೇಳಲ್ಲ, ಕಲಿಯೋರು ಎಡವೋದು ಕರೆಕ್ಟಾಗಿ ಅಲ್ಲೇ.

‘ವೆನ್ ಐ ಕೇಮ್ ಹೋಮ್, ಇಟ್ ವಾಸ್ ರೈನಿಂಗ್’ ಅನ್ನೋ ಸಿಂಪಲ್ ವಾಕ್ಯನೇ ತಗೊಳ್ಳಿ. ಪಟ್ಟಿ ನಂಬಿದ್ರೆ ‘ಯಾವಾಗ ನಾನು ಮನೆಗೆ ಬಂದೆ, ಮಳೆ ಬರ್ತಿತ್ತು’ ಅಂತಾಗತ್ತೆ, ಹಂಗೆ ಯಾರು ಮಾತಾಡ್ತಾರೆ? ನಾವು ಅನ್ನೋದು ‘ನಾನು ಮನೆಗೆ ಬಂದಾಗ ಮಳೆ ಬರ್ತಿತ್ತು’. ಅಂದ್ರೆ ಇಲ್ಲಿ ವೆನ್‌ಗೆ ಜೋಡಿ ಯಾವಾಗ ಅಲ್ಲವೇ ಅಲ್ಲ, ‘ಬಂದಾಗ’ದ ಬಾಲದಲ್ಲಿ ಕೂತಿರೋ ‘ಆಗ’. ಇಂಗ್ಲಿಷಲ್ಲಿ ತಲೆಯಲ್ಲಿ ಬರೋದು ನಮ್ಮಲ್ಲಿ ಬಾಲದಲ್ಲಿ ಬರತ್ತೆ, ಇಷ್ಟನ್ನ ಮೊದಲನೇ ದಿನ ಹೇಳಿಬಿಟ್ರೆ ಅರ್ಧ ಗೊಂದಲ ಹೋಗತ್ತೆ.

ಇದರಲ್ಲಿ ಒಂದು ಮಜಾ ಇದೆ. ಸಾವಿರ ವರ್ಷದ ಹಿಂದಿನ ಹಳೇ ಇಂಗ್ಲಿಷಲ್ಲಿ ವೆನ್, ವೇರ್‌ಗಳ ಪೂರ್ವಜ ಪದಗಳಿಗೆ ಮುಖ್ಯವಾಗಿ ಪ್ರಶ್ನೆಯ ಕೆಲಸ ಅಷ್ಟೇ ಇತ್ತು. ‘ಅವನು ಬಂದಾಗ’ ಅನ್ನಬೇಕಾದ್ರೆ ಅವರು ‘ಥಾ’ ಅನ್ನೋ ಪದ ಹಾಕೋರು, ಅದರ ಅರ್ಥ ‘ಆಗ’! ‘ಇರೋ ಕಡೆ’ ಅನ್ನಕ್ಕೂ ಇವತ್ತಿನ ದೇರ್‌ನ ಹಳೇ ರೂಪ ಬಳಸ್ತಿದ್ರು, ಅಂದ್ರೆ ‘ಅಲ್ಲಿ’. ನಾವು ‘ಬಂದಾಗ’, ‘ಬಂದಲ್ಲಿ’ ಅಂತ ಆಗ, ಅಲ್ಲಿ ಸೇರಿಸಿ ಹೇಳೋ ಹಾಗೇನೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನ ಗೆದ್ದ ಮೇಲಿನ ಶತಮಾನಗಳಲ್ಲಿ ಭಾಷೆ ತುಂಬಾ ಬದಲಾಯ್ತು, ಪ್ರಶ್ನೆಯ ಪದಗಳೇ ಬಂದು ಈ ಜಾಗದಲ್ಲೂ ಕೂತ್ಕೊಂಡ್ವು. ಸ್ಪೆಲಿಂಗ್ ಕೂಡ ಆ ಕಾಲದಲ್ಲೇ ತಿರುಗಿದ್ದು, ಮೊದಲು ಎಚ್ ಆಮೇಲೆ ಡಬ್ಲ್ಯೂ ಇತ್ತು, ಉಚ್ಚಾರಕ್ಕೂ ಅದೇ ಹೊಂದತ್ತೆ, ಬರೆಯೋರು ಅದನ್ನ ಉಲ್ಟಾ ಮಾಡಿದ್ರು. ಹೌ ಒಂದೇ ಡಬ್ಲ್ಯೂ ಇಂದ ಶುರುವಾಗಲ್ವಲ್ಲ ಅಂತ ಕೇಳೋರಿಗೆ, ಅದೂ ಅದೇ ಕುಟುಂಬದ್ದೇ, ಬಹಳ ಹಿಂದೆಯೇ ಶುರುವಿನ ಡಬ್ಲ್ಯೂ ಸದ್ದು ಕಳ್ಕೊಂಡಿದೆ.

ಈಗ ಎಲ್ಲರೂ ಬೈಸ್ಕೊಳ್ಳೋ ಜಾಗಕ್ಕೆ ಬರ್ತೀನಿ. ‘ಐ ಡೋಂಟ್ ನೋ ವೇರ್ ಡಸ್ ಹೀ ಲಿವ್’. ಇದು ತಪ್ಪು, ‘ವೇರ್ ಹೀ ಲಿವ್ಸ್’ ಅನ್ನಬೇಕು ಅಂತ ಕೆಂಪು ಇಂಕಲ್ಲಿ ಗೀಟು ಹಾಕ್ತಾರೆ, ಯಾಕೆ ಈ ತಪ್ಪು ಇಷ್ಟು ಜನ ಮಾಡ್ತಾರೆ ಅಂತ ಮಾತ್ರ ಹೇಳಲ್ಲ. ಕನ್ನಡದಲ್ಲಿ ‘ಅವನು ಎಲ್ಲಿರ್ತಾನೆ?’ ಅನ್ನೋದು ಪ್ರಶ್ನೆ, ಅದನ್ನೇ ಇನ್ನೊಂದು ವಾಕ್ಯದೊಳಗೆ ಇಡಬೇಕಾದ್ರೆ ‘ಅವನು ಎಲ್ಲಿರ್ತಾನೆ ಅಂತ ಗೊತ್ತಿಲ್ಲ’, ಪ್ರಶ್ನೆಯನ್ನ ಒಂದು ಅಕ್ಷರನೂ ಮುಟ್ಟದೆ ಇಡಿಯಾಗಿ ಎತ್ತಿ ಪಕ್ಕದಲ್ಲಿ ‘ಅಂತ’ ಇಟ್ರೆ ಆಯ್ತು. ಅದೇ ಅಭ್ಯಾಸದಲ್ಲಿ ‘ವೇರ್ ಡಸ್ ಹೀ ಲಿವ್’ ಅನ್ನೋದನ್ನೂ ಇಡಿಯಾಗಿ ಎತ್ತಿ ಇಡ್ತೀವಿ. ಇದು ದಡ್ಡತನ ಅಲ್ಲ ಸಾರ್, ಕನ್ನಡದ ಲಾಜಿಕ್ಕು. ಇಂಗ್ಲಿಷಿಗೆ ಬೇರೆ ಲಾಜಿಕ್, ಪ್ರಶ್ನೆ ಒಳಗೆ ಹೋದ ತಕ್ಷಣ ಅದು ಪ್ರಶ್ನೆಯ ವೇಷ ಕಳಚಬೇಕು, ಡಸ್, ಡಿಡ್ ಬಿಡಬೇಕು, ಈಸ್, ಆರ್, ವಿಲ್ ಇದ್ರೆ ವಾಪಸ್ ಕರ್ತೃ ಆದ ಮೇಲಿನ ಜಾಗಕ್ಕೆ ಹೋಗಬೇಕು, ‘ವಾಟ್ ಈಸ್ ಯುವರ್ ನೇಮ್’ ಹೋಗಿ ‘ಟೆಲ್ ಮೀ ವಾಟ್ ಯುವರ್ ನೇಮ್ ಈಸ್’ ಆಗಬೇಕು. ‘ಹೂ ಕೇಮ್’ ಥರದ್ದಕ್ಕೆ ಈ ಕಾಟ ಇಲ್ಲ, ಅಲ್ಲಿ ಹೂ ತಾನೇ ಕರ್ತೃ, ಹಾಗಾಗಿ ಒಳಗೂ ಹೊರಗೂ ಒಂದೇ ರೂಪ, ‘ಐ ಡೋಂಟ್ ನೋ ಹೂ ಕೇಮ್’. ಅದನ್ನ ಯಾರೂ ತಪ್ಪಾಗಿ ಹೇಳಿದ್ದು ನಾನಂತೂ ಕೇಳಿಲ್ಲ. ಅಂದಹಾಗೆ ಈ ಡು, ಡಸ್ ಹಾಕೋದೇನೂ ಅನಾದಿ ಕಾಲದ್ದಲ್ಲ, ಸುಮಾರು 400 ವರ್ಷದ ಹಿಂದೆ ಇಂಗ್ಲಿಷಿನವರೇ ‘ವಾಟ್ ಸೇ ಯೂ’ ಅಂತಾನೂ ಕೇಳ್ತಿದ್ರು. ಐರ್ಲೆಂಡಿನ ಇಂಗ್ಲಿಷಲ್ಲಿ ಇವತ್ತಿಗೂ ಒಳಗಿನ ಪ್ರಶ್ನೆಯನ್ನ ಹೊರಗಿನ ಪ್ರಶ್ನೆ ಥರಾನೇ ಇಡೋದು ಮಾಮೂಲು. ಹಾಗಾಗಿ ಮಾತಾಡುವಾಗ ಇದಕ್ಕೆ ನಗೋರನ್ನ ಕಂಡ್ರೆ ನಂಗೆ ಸ್ವಲ್ಪ ಸಿಟ್ಟು ಬರತ್ತೆ, ಆದ್ರೆ ಎಕ್ಸಾಮ್, ಅರ್ಜಿ, ಆಫೀಸ್ ಮೇಲ್ ಇಲ್ಲೆಲ್ಲಾ ಸರಿಯಾದ ರೂಪನೇ ಬರೀಬೇಕು, ಅದರಲ್ಲಿ ರಾಜಿ ಇಲ್ಲ.

ಇನ್ನೊಂದು ವಿಲ್ ವಿಷಯ. ‘ವೆನ್ ಹೀ ವಿಲ್ ಕಮ್, ಐ ವಿಲ್ ಟೆಲ್ ಹಿಮ್’ ತಪ್ಪು, ‘ವೆನ್ ಹೀ ಕಮ್ಸ್’ ಅನ್ನಬೇಕು. ಆದ್ರೆ ‘ಐ ಡೋಂಟ್ ನೋ ವೆನ್ ಹೀ ವಿಲ್ ಕಮ್’ ಸರಿ. ಎರಡರಲ್ಲೂ ವೆನ್ ಇದೆ, ಎರಡೂ ನಾಳೆಯ ಮಾತು, ಒಂದು ಕಡೆ ವಿಲ್ ಬರಬಾರದು ಇನ್ನೊಂದು ಕಡೆ ಬರಬಹುದು, ಕಲಿಯೋನು ತಲೆ ಚಚ್ಕೊಳ್ಳದೆ ಇನ್ನೇನ್ ಮಾಡ್ತಾನೆ. ಕನ್ನಡಕ್ಕೆ ತಿರುಗಿಸಿ ನೋಡಿದ್ರೆ ಉತ್ತರ ಅಲ್ಲೇ ಸಿಗತ್ತೆ, ಮೊದಲನೇದು ‘ಅವನು ಬಂದಾಗ ಹೇಳ್ತೀನಿ’, ಎರಡನೇದು ‘ಅವನು ಯಾವಾಗ ಬರ್ತಾನೋ ಗೊತ್ತಿಲ್ಲ’. ‘ಆಗ’ ಬಂದ್ರೆ ವಿಲ್ ಬೇಡ, ‘ಯಾವಾಗ’ ಬಂದ್ರೆ ವಿಲ್ ಇರಲಿ. ಅಷ್ಟೇ ಅಲ್ಲ, ‘ನಾಳೆ ಅವನು ಬಂದಾಗ’ ಅಂತೀವಲ್ಲ, ನಾಳೆಯ ಮಾತಿಗೆ ನಾವೂ ‘ಬಂದ’ ಅಂತ ಹಿಂದಿನ ರೂಪನೇ ಹಾಕ್ತೀವಿ, ಭವಿಷ್ಯದ ರೂಪ ಹಾಕಲ್ಲ. ಇಂಗ್ಲಿಷಿಗೆ ಮಾತ್ರ ವಿಚಿತ್ರ ರೂಲ್ಸ್ ಅನ್ನೋರು ಇದನ್ನ ಸ್ವಲ್ಪ ಯೋಚನೆ ಮಾಡ್ಲಿ.

ವೇರ್ ಮತ್ತೆ ವಿಚ್ ನಡುವಿನ ಜಗಳಕ್ಕೂ ನಮ್ಮ ವಿಭಕ್ತಿ ಪ್ರತ್ಯಯನೇ ಔಷಧಿ. ನಮ್ಮ ಭಾಷೇಲಿ ‘ನಾನು ಕೊಂಡ ಮನೆ’, ‘ನಾನು ಇರೋ ಮನೆ’ ಎರಡೂ ಒಂದೇ ಅಚ್ಚು, ಮನೆಗೂ ಕ್ರಿಯೆಗೂ ಏನ್ ಸಂಬಂಧ ಅಂತ ನಾವು ಬಾಯಿಬಿಟ್ಟು ಹೇಳಲ್ಲ, ಕೇಳೋರೇ ಅರ್ಥ ಮಾಡ್ಕೋತಾರೆ. ಇಂಗ್ಲಿಷ್ ಅಷ್ಟು ಉದಾರಿ ಅಲ್ಲ, ಸಂಬಂಧ ಯಾವುದು ಅಂತ ಹೇಳಿಸಿಯೇ ಬಿಡತ್ತೆ. ಮನೆಯನ್ನ ಕೊಂಡೆ, ‘ಅನ್ನು’ ಬಂತು, ಹಾಗಾಗಿ ‘ದಿ ಹೌಸ್ ವಿಚ್ ಐ ಬಾಟ್’. ಮನೆಯಲ್ಲಿ ಇದೀನಿ, ‘ಅಲ್ಲಿ’ ಬಂತು, ಹಾಗಾಗಿ ‘ದಿ ಹೌಸ್ ವೇರ್ ಐ ಲಿವ್’. ವಿಚ್ ಹಾಕ್ಲೇಬೇಕು ಅಂದ್ರೆ ‘ಇನ್’ ಸೇರಿಸಬೇಕು, ‘ದಿ ಹೌಸ್ ವಿಚ್ ಐ ಲಿವ್ ಇನ್’. ಬಹಳ ಜನ ಜಾಗದ ಹೆಸರು ಕಂಡ ಕೂಡಲೇ ವೇರ್ ಹಾಕಿಬಿಡ್ತಾರೆ, ‘ದಿ ಹೌಸ್ ವೇರ್ ಐ ಬಾಟ್’ ಅಂತ, ಅದು ಜಾಗದ ಪದಾನೋ ಅಲ್ವೋ ಅನ್ನೋದು ಮುಖ್ಯ ಅಲ್ಲ, ಒಳಗಿನ ವಾಕ್ಯದಲ್ಲಿ ಅದಕ್ಕೆ ಯಾವ ವಿಭಕ್ತಿ ಬರತ್ತೆ ಅನ್ನೋದು ಮುಖ್ಯ.

ಈ ಕುಟುಂಬದಲ್ಲಿ ಎಲ್ಲರಿಗೂ ಒಂದೇ ಹಕ್ಕೂ ಇಲ್ಲ. ‘ದಿ ಡೇ ವೆನ್’ ಆಗತ್ತೆ, ‘ದಿ ಪ್ಲೇಸ್ ವೇರ್’ ಆಗತ್ತೆ, ‘ದಿ ರೀಸನ್ ವೈ’ ಆಗತ್ತೆ, ಅದೇ ಧೈರ್ಯದಲ್ಲಿ ‘ದಿ ವೇ ಹೌ ಹೀ ಡಿಡ್ ಇಟ್’ ಅಂದ್ರೆ ಇವತ್ತಿನ ಇಂಗ್ಲಿಷಲ್ಲಿ ಅದು ತಪ್ಪು, ವೇ ಇದ್ರೆ ಹೌ ಇರಬಾರದು, ಹೌ ಇದ್ರೆ ವೇ ಇರಬಾರದು. ಹಾಗೇ ವೆನ್ ಹಾಕಿ ‘ಅವನು ಬಂದಾಗ’ ಅನ್ನಬಹುದು, ವೈ ಹಾಕಿ ‘ಅವನು ಬಂದಿದ್ದಕ್ಕೆ’ ಅನ್ನಕ್ಕಾಗಲ್ಲ, ಅಲ್ಲಿಗೆ ಬಿಕಾಸ್ ಬೇಕು. ಇದಕ್ಕೆಲ್ಲ ಕಾರಣ ಹುಡುಕ್ತಾ ಕೂರೋ ಬದಲು ಬಾಯಿಪಾಠ ಮಾಡೋದೇ ವಾಸಿ ಅಂತ ನನ್ನ ಅಭಿಪ್ರಾಯ.

ನಿಮ್ಮ ಪೇಪರಲ್ಲಿ ಇಂಗ್ಲಿಷ್ ಕಾಲಂ ಬರೆಯೋರಿಗೆ ಒಂದು ರಿಕ್ವೆಸ್ಟ್ ತಲುಪಿಸಿ. ಮುಂದಿನ ಸಲ ವೆನ್ ಬಗ್ಗೆ ಬರೆದಾಗ ಯಾವಾಗ ಅಂತ ಒಂದೇ ಅರ್ಥ ಕೊಟ್ಟು ಬಿಡೋದು ಬೇಡ, ಪಕ್ಕದಲ್ಲೇ ‘ಬಂದಾಗ’ದ ‘ಆಗ’ನೂ ಇರಲಿ, ವೇರ್ ಪಕ್ಕ ಎಲ್ಲಿ ಜೊತೆಗೆ ‘ಇರೋ ಕಡೆ’ ಇರಲಿ, ಹೌ ಪಕ್ಕ ಹೇಗೆ ಜೊತೆಗೆ ‘ಮಾಡಿದ ರೀತಿ’ ಇರಲಿ, ಪ್ರತಿಯೊಂದಕ್ಕೂ ಪ್ರಶ್ನೆಯ ವಾಕ್ಯ ಒಂದು, ಒಳಗೆ ಸೇರಿದ ವಾಕ್ಯ ಒಂದು, ಎರಡನ್ನೂ ಅಕ್ಕಪಕ್ಕ ಕನ್ನಡದ ಸಮೇತ ಹಾಕ್ಲಿ. ಜಾಗ ಸಾಲಲ್ಲ ಅಂದ್ರೆ ವಾರಕ್ಕೆ ಒಂದು ಪದ ತಗೊಂಡ್ರೂ ಆಯ್ತು, ಮೊದಲು ವೆನ್ ಇಂದಾನೇ ಶುರು ಮಾಡ್ಲಿ.

ಇಂತಿ,
ನಿಮ್ಮ ಒಬ್ಬ ಓದುಗ