ಪೋಸ್ಟ್‌ಮನ್ನನ ಮಗಳಿಗೆ

ಅಘನಾಶಿನಿ

ಮಗಾ,

ನೀನು ಫೋನ್ ಕಟ್ ಮಾಡಿದ ಮೇಲೆ ಆಯಿ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ದನಿ ಏರಿತು, ಹೌದು. ರಾತ್ರಿ ಎರಡು ಗಂಟೆಗೆ "ಅಪ್ಪಾ, ದಾರಿ ತಪ್ಪಿತ್ತು, ಈಗ ರೂಮಿಗೆ ಬಂದೆ" ಅಂದರೆ ಯಾವ ಅಪ್ಪ ಮೆಲ್ಲಗೆ ಮಾತಾಡುತ್ತಾನೆ? ನಾಳೆ ನೀನು ವೆನಿಸ್ ಬಿಟ್ಟು ರೋಮ್‌ಗೆ ಹೊರಡುವುದರೊಳಗೆ ಮುಟ್ಟಲಿ ಅಂತ ಇದನ್ನು ಬರೆದು ಫೋಟೋ ತೆಗೆದು ಕಳಿಸುತ್ತಿದ್ದೇನೆ.

ಬೆಳಿಗ್ಗೆಯಿಂದ ವೆನಿಸ್ ಬಗ್ಗೆಯೇ ಓದುತ್ತಾ ಕೂತಿದ್ದೇನೆ. ನಿನ್ನ ಗೈಡ್ ಪುಸ್ತಕದ ನಕ್ಷೆಯಲ್ಲಿ ದೊಡ್ಡ ಕಾಲುವೆಗೆ ಮೂರೇ ಸೇತುವೆ ಅಂದೆಯಲ್ಲ, ನಾಲ್ಕನೆಯದು ಆಗಿದ್ದು 2008ರಲ್ಲಿ. ಬಸ್ಸಿಳಿದು ಎದುರು ಕಂಡ ಆ ಹೊಸದನ್ನೇ ನಕ್ಷೆಯ ಮೊದಲನೆಯದು ಅಂತ ಹಿಡಿದರೆ ಮುಂದಿನ ಲೆಕ್ಕವೆಲ್ಲ ತಪ್ಪುವುದೇ. ಇನ್ನು ವಿಳಾಸ. ಪೋಸ್ಟ್‌ಮನ್ನನ ಮಗಳಾಗಿ ಬರೀ "ಕಾಸ್ಟೆಲ್ಲೊ", ಒಂದು ನಂಬರು, ಇಷ್ಟೇ ಬರೆದುಕೊಂಡು ಹೊರಟೆಯಾ? ಅಲ್ಲಿ ಮನೆ ನಂಬರು ಓಣಿಯದ್ದಲ್ಲ, ಇಡೀ ಕೇರಿಯದ್ದು. ಊರಿಗೆ ಆರು ಕೇರಿ, ಕಾಸ್ಟೆಲ್ಲೊ ಒಂದರಲ್ಲೇ ನಂಬರು ಆರು ಸಾವಿರ ದಾಟುತ್ತದೆ. ಓಣಿಯ ಹೆಸರು ಬೇಕೇ ಬೇಕು. (ಹೀಗೆ ನಂಬರು ಹಾಕಿದವನ ಹೆಗಲಿಗೆ ಒಂದು ದಿನ ಟಪಾಲಿನ ಚೀಲ ಏರಿಸಬೇಕಿತ್ತು.)

ಅದೆಲ್ಲ ಇರಲಿ. ಓಣಿ ಮುಗಿದಲ್ಲಿ ನೀರಿಗಿಳಿಯುವ ಮೆಟ್ಟಿಲಿತ್ತು, ಎರಡು ಇಳಿದು ಆಚೆ ದಾರಿ ಇದೆಯಾ ಅಂತ ಬಗ್ಗಿ ನೋಡಿದೆ ಅಂದೆಯಲ್ಲ, ನನ್ನ ನಿದ್ದೆ ಕೆಟ್ಟಿದ್ದು ಆ ಮಾತಿಗೆ. ನಮ್ಮ ತದಡಿಯ ದೋಣಿ ಧಕ್ಕೆಯ ಮೆಟ್ಟಿಲು ನೋಡಿದ್ದೀಯ. ಇಳಿತದ ಹೊತ್ತಿಗೆ ಕೆಳಗಿನವು ಬಿಸಿಲಿಗೆ ಒಣಗಿದ ಹಾಗೆ ಕಾಣುತ್ತವೆ, ಕಾಲಿಟ್ಟರೆ ಅಡಿಯಲ್ಲಿ ಪಾಚಿ. ಬಳಚು ಚಿಪ್ಪಿ ತೆಗೆಯುವ ಹೆಂಗಸರೂ ಅಲ್ಲಿ ಪಾದ ಅಡ್ಡ ಇಟ್ಟು, ಒಂದು ಕೈ ಗೋಡೆಗೆ ಕೊಟ್ಟು ಇಳಿಯುತ್ತಾರೆ. ಹುಟ್ಟಿದಾಗಿಂದ ನೀರಲ್ಲಿರುವವರು ಅವರು! ಅಲ್ಲಾದರೆ ಹಗಲು, ಸುತ್ತ ಜನ. ನೀನಿದ್ದದ್ದು ಕತ್ತಲೆಯಲ್ಲಿ, ಷೂ ಹಾಕಿಕೊಂಡು, ಕೈಯಲ್ಲಿ ಪುಸ್ತಕ. ಊರಿಗೆ ನೀರು ನುಗ್ಗದ ಹಾಗೆ ಸಮುದ್ರದ ಬಾಯಿಗೆ ಗೇಟು ಇದೆ ಅಂತ ನನಗೇ ಪಾಠ ಹೇಳಿದೆ. 2020ರಿಂದ ಆ ಗೇಟು ಎತ್ತುತ್ತಿರುವುದು ದೊಡ್ಡ ಭರತಕ್ಕೆ, ದಿನದ ಭರತ-ಇಳಿತ ಅದರ ಪಾಡಿಗೆ ಇದ್ದೇ ಇದೆ. ಆ ಮೆಟ್ಟಿಲು ದಿನಾ ನೆನೆಯುತ್ತದೆ. ನೀರಿನ ಕಡೆ ಮೆಟ್ಟಿಲು ಕಂಡರೆ ಹಿಂದೆ ತಿರುಗಬೇಕು, ಬಗ್ಗಿ ನೋಡುವುದಲ್ಲ. ಎಷ್ಟು ಸಲ ಹೇಳಬೇಕು ನಿನಗೆ?

ಭಾಷೆ ಬಾರದಿದ್ದರೂ ಅಂಗಡಿ ಬಾಗಿಲು ಹಾಕುತ್ತಿದ್ದ ಅಜ್ಜಿಯನ್ನು ಕೈಸನ್ನೆಯಲ್ಲೇ ಕೇಳಿ ರೂಮು ಮುಟ್ಟಿದೆಯಲ್ಲ, ಅದನ್ನು ಬೆಳಿಗ್ಗೆ ಬಾರ್ಜಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ನಿನಗೊಬ್ಬಳಿಗೇ ಹೇಳಿರಲಿಲ್ಲ.

ಇವತ್ತು ಕತ್ತಲಾದ ಮೇಲೆ ನಡೆಯಬೇಡ. ಒಂದನೇ ನಂಬರಿನ ಬೋಟು ದೊಡ್ಡ ಕಾಲುವೆಯ ಉದ್ದಕ್ಕೂ ಬಂದು ಲೀಡೊ ಕಡೆ ಹೋಗುತ್ತದೆ, ಅರ್ಸೆನಾಲೆಯಲ್ಲಿ ಇಳಿದರೆ ಕಾಸ್ಟೆಲ್ಲೊ. ನಡೆಯಲೇಬೇಕಾದರೆ ಗೋಡೆಯ ಹಳದಿ ಬೋರ್ಡು ನೋಡು, ರಿಯಾಲ್ಟೊ, ಸಾನ್ ಮಾರ್ಕೊ ಕಡೆಗೆ ಬಾಣ ಇರುತ್ತದೆ.

ರೋಮ್ ಮುಟ್ಟಿದ ಕೂಡಲೇ ಫೋನ್ ಮಾಡು. ನನ್ನ ಮೇಲೆ ಸಿಟ್ಟಿದ್ದರೆ ಆಯಿಗೇ ಮಾಡು, ಅವಳು ಹೇಗೂ ಸ್ಪೀಕರ್ ಹಾಕಿಯೇ ಮಾತಾಡುವುದು.

ನಿನ್ನ ಅಪ್ಪ