ಎಂಟು ದಿನಕ್ಕೊಮ್ಮೆ ಎಂದರೆ ಫೋನಿಗೆ ಎಂಟೇ ದಿನ

ತೀರ್ಥರೂಪ ಅಪ್ಪನವರಿಗೆ ಮತ್ತು ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇತ್ತ ಯುರೋಪಿನಲ್ಲಿ ನಾನು ಕ್ಷೇಮ. ಅತ್ತ ನಿಮ್ಮಿಬ್ಬರ ಕ್ಷೇಮಕ್ಕೂ ಆಗಾಗ ಎರಡು ಸಾಲು ಬರೆಯುತ್ತಿರಬೇಕು.

ಅಪ್ಪಾ, ಫೋನಿನಲ್ಲಿ ರಿಮೈಂಡರ್ ಹಾಕುವ ಕ್ರಮವನ್ನು ಬಾಯಿಮಾತಿನಲ್ಲಿ ವಿವರಿಸಲು ಕಳೆದ ಭಾನುವಾರ ಮೂರು ಸಲ ಪ್ರಯತ್ನಿಸಿದೆನಾದರೂ ಕೆಲಸ ಮುಂದೆ ಸಾಗಲಿಲ್ಲ. ಏಕೆಂದರೆ ಯಾವ ಫೋನಿನ ಪರದೆಯನ್ನು ನೀವು ನೋಡಬೇಕಿತ್ತೋ ಅದೇ ಫೋನು ನಿಮ್ಮ ಕಿವಿಗೆ ಅಂಟಿಕೊಂಡಿತ್ತು. ನಾನು ಪ್ಲಸ್ ಗುರುತನ್ನು ಒತ್ತಿ ಎನ್ನುವುದು, ನೀವು ಕನ್ನಡಕ ಹುಡುಕುವುದು, ಅಷ್ಟರಲ್ಲಿ ಕೆನ್ನೆ ತಗುಲಿ ಕರೆ ಕಡಿದುಹೋಗುವುದು, ಇಷ್ಟೇ ಆಯಿತು. ಆದ್ದರಿಂದ ಕಾಗದದ ಮೇಲೆ ಬರೆದು ಕಳಿಸುತ್ತಿದ್ದೇನೆ. ಇದನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು, ಪಕ್ಕದಲ್ಲಿ ಫೋನನ್ನಿಟ್ಟುಕೊಂಡು, ಒಂದೊಂದೇ ಸಾಲನ್ನು ಓದುತ್ತಾ ಮಾಡಿ ನೋಡಿ.

ಈಗ ನಿಮ್ಮ ಫೋನಿನಲ್ಲಿ ಹನ್ನೊಂದು ಅಲಾರಂಗಳಿವೆ ಎಂದಿರಿ. ಅವುಗಳಲ್ಲಿ ಯಾವುದಕ್ಕೂ ಹೆಸರಿಲ್ಲ, ಎಲ್ಲದಕ್ಕೂ ಒಂದೇ ರಾಗ. ಒಂದು ಬಾರಿಸಿದಾಗ ಅದು ಮಾತ್ರೆಯದೋ, ರಕ್ತದೊತ್ತಡ ನೋಡಿಕೊಳ್ಳುವುದಕ್ಕೋ, ನೀರಿನ ಮೋಟಾರಿಗೋ ಎಂದು ತಿಳಿಯದೆ ನೀವು ಅದರ ಬಾಯಿ ಮುಚ್ಚಿಸುತ್ತೀರಿ. ಐದು ನಿಮಿಷದ ನಂತರ ಅದು ಬಾರಿಸಿತ್ತೆಂಬುದೇ ಮರೆತುಹೋಗಿರುತ್ತದೆ. ತಪ್ಪು ನಿಮ್ಮದಲ್ಲ. ಅಲಾರಂ ಎನ್ನುವುದು ನಿದ್ದೆಯಿಂದ ಎಬ್ಬಿಸಲು ಹುಟ್ಟಿದ ಸಾಧನ. ಬಾರಿಸಿದ ಮೇಲೆ ಅದರ ಜವಾಬ್ದಾರಿ ಮುಗಿಯಿತು. ಮಾಡಬೇಕಾದ ಕೆಲಸವನ್ನು ನೆನಪಿಸುವುದಕ್ಕೆ ಬೇಕಾದದ್ದು, ನೀವು ಮಾಡಿದೆ ಎಂದು ಗುರುತು ಹಾಕುವವರೆಗೂ ಪಟ್ಟಿಯಲ್ಲಿ ಉಳಿದುಕೊಳ್ಳುವಂಥದ್ದು. ಗೂಗಲ್ ಕ್ಯಾಲೆಂಡರಿನಲ್ಲಿ ಅದಕ್ಕೆ ಟಾಸ್ಕ್ ಎಂದು ಹೆಸರು. ಅಮ್ಮನ ಐಫೋನಿನಲ್ಲಿ ರಿಮೈಂಡರ್ಸ್ ಎಂಬ ಆ್ಯಪ್ ಮೊದಲೇ ಇರುತ್ತದೆ. 2011ರಿಂದಲೂ ಅದು ಫೋನಿನ ಜೊತೆಯಲ್ಲೇ ಬರುತ್ತಿದೆ, ಹೊಸದಾಗಿ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ.

ಮೊದಲು ದಿನನಿತ್ಯದ ಮಾತ್ರೆಯಿಂದ ಆರಂಭಿಸೋಣ, ಏಕೆಂದರೆ ಅದು ಅತ್ಯಂತ ಸುಲಭ. ಕ್ಯಾಲೆಂಡರನ್ನು ತೆರೆದು ಕೆಳಗಿನ ಮೂಲೆಯ ಪ್ಲಸ್ ಗುರುತನ್ನು ಒತ್ತಿ, ಟಾಸ್ಕ್ ಎಂಬುದನ್ನು ಆರಿಸಿ. ಮೇಲಿನ ಸಾಲಿನಲ್ಲಿ ಕೆಲಸದ ಹೆಸರನ್ನು ಬರೆಯಿರಿ. ಮಾತ್ರೆ ಎಂದಷ್ಟೇ ಬರೆಯಬೇಡಿ, ಬಿಳಿ ಚಿಕ್ಕ ಮಾತ್ರೆ ಒಂದು, ಖಾಲಿ ಹೊಟ್ಟೆಯಲ್ಲಿ ಎಂದು ಬರೆಯಿರಿ. ದಿನಾಂಕ ಮತ್ತು ವೇಳೆಯನ್ನು ಕೊಟ್ಟ ಮೇಲೆ ಡಸ್ ನಾಟ್ ರಿಪೀಟ್ ಎಂಬ ಸಾಲು ಕಾಣುತ್ತದೆ. ಬಹಳ ಜನ ಅದನ್ನು ಗಮನಿಸದೆ ಸೇವ್ ಒತ್ತಿಬಿಡುತ್ತಾರೆ, ಮರುದಿನ ಫೋನು ಮೌನವಾಗಿರುತ್ತದೆ. ಆ ಸಾಲಿನ ಮೇಲೆ ಬೆರಳಿಟ್ಟರೆ ಪ್ರತಿದಿನ, ಪ್ರತಿವಾರ, ಪ್ರತಿತಿಂಗಳು, ಪ್ರತಿವರ್ಷ ಎಂಬ ಆಯ್ಕೆಗಳೂ ಕೊನೆಯಲ್ಲಿ ಬೇಕಾದ ಅಂತರವನ್ನು ನಾವೇ ತುಂಬುವ ಕಸ್ಟಮ್ ಎಂಬುದೂ ತೆರೆದುಕೊಳ್ಳುತ್ತವೆ. ದಿನದ ಮಾತ್ರೆಗೆ ಮೊದಲನೆಯದೇ ಸಾಕು. ವೇಳೆಯನ್ನು ಮಾತ್ರ ನೀವು ಮಾತ್ರೆಯ ಡಬ್ಬಿಯ ಹತ್ತಿರ ಇರುವ ಹೊತ್ತಿಗೆ ಇಡಿ. ನೀವು ವಾಕಿಂಗಿಗೆ ಹೋಗಿರುವಾಗ ಬರುವ ಜ್ಞಾಪನೆಯಿಂದ ಯಾವ ಪ್ರಯೋಜನವೂ ಇಲ್ಲ.

ಇನ್ನು ಕಸ್ಟಮ್ ವಿಚಾರ. ನಿಮ್ಮ ವಾರದ ಮಾತ್ರೆ ಸೋಮವಾರದಿಂದ ಮಂಗಳವಾರಕ್ಕೆ, ಅಲ್ಲಿಂದ ಬುಧವಾರಕ್ಕೆ ಜಾರುತ್ತಾ ಹೋದದ್ದೇಕೆ ಎಂದು ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ವೈದ್ಯರು ಎಂಟು ದಿನಕ್ಕೊಂದು ಎಂದರು, ನೀವು ಕಸ್ಟಮ್‌ನಲ್ಲಿ ಎಂಟು ದಿನ ಎಂದೇ ತುಂಬಿದಿರಿ. ನಾವು ಕನ್ನಡದಲ್ಲಿ ಎಂಟು ದಿನ ಎಂದಾಗ ಈ ಸೋಮವಾರವನ್ನೂ ಬರುವ ಸೋಮವಾರವನ್ನೂ ಸೇರಿಸಿ ಎಣಿಸುತ್ತೇವೆ. ಅದರ ಅರ್ಥ ಒಂದು ವಾರ. ಫೋನು ಹಾಗೆ ಎಣಿಸುವುದಿಲ್ಲ. ಅದು ಇವತ್ತನ್ನು ಬಿಟ್ಟು ಎಂಟು ಎಣಿಸುತ್ತದೆ, ಹಾಗಾಗಿ ಪ್ರತಿ ಸಲವೂ ಒಂದು ದಿನ ಮುಂದಕ್ಕೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಎಂಬುದಕ್ಕೂ ಇದೇ ಗತಿ. ನಮ್ಮ ಬಾಯಲ್ಲಿ ಅದು ಎರಡು ವಾರ, ಅಂದರೆ ಫೋನಿನ ಲೆಕ್ಕದಲ್ಲಿ 14 ದಿನ. ನೀವು 15 ಎಂದು ತುಂಬಿದರೆ ಶನಿವಾರದ ಕೆಲಸ ಭಾನುವಾರಕ್ಕೆ ಹೋಗಿ ಕೂರುತ್ತದೆ. ಆದ್ದರಿಂದ ಇಂಥವಕ್ಕೆ ದಿನಗಳ ಸಂಖ್ಯೆಯನ್ನು ತುಂಬುವ ಗೋಜಿಗೇ ಹೋಗದೆ, ವೀಕ್ ಎಂಬುದನ್ನು ಆರಿಸಿ, ಒಂದು ಅಥವಾ ಎರಡು ವಾರ ಎಂದು ಕೊಟ್ಟು, ವಾರದ ಹೆಸರನ್ನು ಗುರುತು ಮಾಡಿ.

ಆದರೆ ದಿನ ಬಿಟ್ಟು ದಿನದ ಮಾತ್ರೆಗೆ ಇದಕ್ಕೆ ಸರಿಯಾಗಿ ತದ್ವಿರುದ್ಧವಾಗಿ ಮಾಡಬೇಕು. ಅಮ್ಮ ತಮ್ಮ ಫೋನಿನ ಗಡಿಯಾರದ ಅಲಾರಂನಲ್ಲಿ ಸೋಮ, ಬುಧ, ಶುಕ್ರ, ಭಾನು ಎಂದು ನಾಲ್ಕು ವಾರಗಳನ್ನು ಒತ್ತಿಟ್ಟಿದ್ದಾರಲ್ಲ, ಅದನ್ನೊಮ್ಮೆ ಬೆರಳು ಮಡಚಿ ಎಣಿಸಿ ನೋಡಿ: ಭಾನುವಾರದ ಮರುದಿನ ಸೋಮವಾರವೇ ಬರುತ್ತದೆ, ಎರಡು ದಿನ ಸಾಲಾಗಿ ಮಾತ್ರೆ ನುಂಗಿದಂತಾಗುತ್ತದೆ. ವಾರಕ್ಕೆ ಏಳು ದಿನ, ಏಳು ಬೆಸ ಸಂಖ್ಯೆ. ಎಷ್ಟು ಜಾಣತನದಿಂದ ವಾರಗಳನ್ನು ಆರಿಸಿದರೂ ಒಂದು ಕಡೆ ಎರಡು ದಿನ ಕೂಡಿಕೊಳ್ಳುತ್ತವೆ, ಇಲ್ಲವೇ ಎರಡು ದಿನ ಖಾಲಿ ಬೀಳುತ್ತವೆ. ಇಲ್ಲಿ ವಾರದ ಹೆಸರುಗಳನ್ನು ಮುಟ್ಟದೆ, ಕಸ್ಟಮ್‌ನಲ್ಲಿ ಡೇ ಎಂಬುದನ್ನು ಆರಿಸಿ 2 ಎಂದು ತುಂಬಬೇಕು. ಐಫೋನಿನ ಗಡಿಯಾರದ ಅಲಾರಂಗೆ ವಾರದ ಹೆಸರಷ್ಟೇ ಗೊತ್ತು, ಒಂದು ದಿನ ಬಿಟ್ಟು ಎಣಿಸಲು ಬಾರದು. ಆದ್ದರಿಂದ ಅಮ್ಮ ಇದೊಂದನ್ನು ರಿಮೈಂಡರ್ಸ್ ಆ್ಯಪಿಗೆ ವರ್ಗಾಯಿಸಲಿ. ಮಾತ್ರೆ ಒಂದು ದಿನ ತಪ್ಪಿಹೋದರೆ ಮುಂದೇನು ಮಾಡಬೇಕೆಂಬುದನ್ನು ಫೋನಿನಿಂದ ತಿಳಿಯುವಂತಿಲ್ಲ, ವೈದ್ಯರನ್ನೇ ಕೇಳಿ. ಎರಡನ್ನೂ ಒಟ್ಟಿಗೆ ನುಂಗಿ ಸರಿದೂಗಿಸಲು ಹೋಗಬೇಡಿ.

ತಿಂಗಳ ಲೆಕ್ಕದಲ್ಲಿ ಇನ್ನೊಂದು ಹಳ್ಳವಿದೆ. ಕಂತು ಕಟ್ಟುವುದನ್ನು ಪ್ರತಿ ತಿಂಗಳು 31ಕ್ಕೆ ಎಂದು ಹಾಕಿದ್ದೀರಿ. ವರ್ಷದಲ್ಲಿ 31ನೇ ತಾರೀಖು ಇರುವುದು ಏಳು ತಿಂಗಳಲ್ಲಿ ಮಾತ್ರ. ಉಳಿದ ಐದು ತಿಂಗಳಲ್ಲಿ ಫೋನು ಹಿಂದಿನ ದಿನಕ್ಕೆ ಬಂದು ನೆನಪಿಸೀತು ಎಂದು ನಾವು ಭಾವಿಸುತ್ತೇವೆ, ಆದರೆ ಕ್ಯಾಲೆಂಡರುಗಳು ತಮ್ಮತಮ್ಮಲ್ಲಿ ಮಾಹಿತಿ ವಿನಿಮಯ ಮಾಡಿಕೊಳ್ಳಲು ಬಳಸುವ ಆರ್‌ಎಫ್‌ಸಿ 5545 ಎಂಬ ನಿಯಮಾವಳಿ, 2009ರಲ್ಲಿ ಪ್ರಕಟವಾದದ್ದು, ಇಲ್ಲದ ತಾರೀಖನ್ನು ಲೆಕ್ಕಕ್ಕೇ ಹಿಡಿಯದೆ ಬಿಟ್ಟುಬಿಡಬೇಕೆಂದು ಹೇಳುತ್ತದೆ. ಅಂದರೆ ಏಪ್ರಿಲ್‌ನಲ್ಲಿ ಸದ್ದಿಲ್ಲ, ಜೂನ್‌ನಲ್ಲಿ ಸದ್ದಿಲ್ಲ. ಅದನ್ನು 25ಕ್ಕೆ ಬದಲಿಸಿ. ಕೊನೆಯ ದಿನಕ್ಕೆ ಕಾಯುವ ಅಭ್ಯಾಸ ಹೇಗೂ ಒಳ್ಳೆಯದಲ್ಲ. ಮಾತ್ರೆ ಕೊಳ್ಳುವ ಜ್ಞಾಪನೆಯನ್ನೂ ತಿಂಗಳಿಗೊಮ್ಮೆ ಎಂದು ಇಡಬೇಡಿ. ನೀವು ಒಂದು ಸಲಕ್ಕೆ 30 ಮಾತ್ರೆ ತರುತ್ತೀರಿ, 31 ದಿನಗಳ ತಿಂಗಳಲ್ಲಿ ಕೊನೆಯ ದಿನ ಡಬ್ಬಿ ಬರಿದು. ಇದಕ್ಕೆ 30 ದಿನಗಳಿಗೊಮ್ಮೆ ಎಂದೇ ತುಂಬಿ, ಮೊದಲನೆಯ ಜ್ಞಾಪನೆಯನ್ನು ಡಬ್ಬಿಯಲ್ಲಿ ಇನ್ನೂ ಐದು ಮಾತ್ರೆಗಳಿರುವ ದಿನಕ್ಕೆ ಇಟ್ಟುಕೊಂಡರೆ ಯಾವಾಗಲೂ ಐದು ಉಳಿದಿರುವಾಗಲೇ ಅದು ಕೂಗುತ್ತದೆ.

ನೀರು ಶುದ್ಧೀಕರಿಸುವ ಯಂತ್ರದ ಫಿಲ್ಟರ್‌ನಂಥ ಕೆಲಸಗಳನ್ನು ಮಾತ್ರ ನಾನು ಮರುಕಳಿಸುವ ರಿಮೈಂಡರಿಗೆ ಒಪ್ಪಿಸುವುದಿಲ್ಲ. ಆರು ತಿಂಗಳ ಲೆಕ್ಕ ಶುರುವಾಗಬೇಕಾದದ್ದು ಫಿಲ್ಟರನ್ನು ಬದಲಿಸಿದ ದಿನದಿಂದಲೇ ಹೊರತು ಫೋನು ನೆನಪಿಸಿದ ದಿನದಿಂದಲ್ಲ. ನೀವು ಒಂದೂವರೆ ತಿಂಗಳು ತಡಮಾಡಿ ಬದಲಿಸಿದರೂ ಅದು ತನ್ನ ಹಳೆಯ ತಾರೀಖನ್ನೇ ಹಿಡಿದು ಕೂಗುತ್ತದೆ. ಬದಲಿಸಿದ ದಿನವೇ ಕೈಯಾರೆ ಹೊಸದೊಂದನ್ನು ಹಾಕಿಕೊಳ್ಳುವುದು ಲೇಸು.

ಐದು ದಿನಗಳ ಔಷಧಿಯ ರಿಮೈಂಡರು ತಿಂಗಳ ನಂತರವೂ ಬಾರಿಸುತ್ತಿದೆ ಎಂದು ಅಮ್ಮ ನಗುತ್ತಿದ್ದರು. ಕಸ್ಟಮ್‌ನ ಕೆಳಭಾಗದಲ್ಲಿ ಎಂಡ್ಸ್ ಎಂಬ ವಿಭಾಗವಿದೆ. ಅಲ್ಲಿ ನೆವರ್ ಎಂದಿರುವುದನ್ನು ತೆಗೆದು ಐದು ಸಲದ ನಂತರ ನಿಲ್ಲಲಿ ಎಂದು ಕೊಡಬಹುದು. ಟಾಸ್ಕಿನ ಬದಲು ಈವೆಂಟ್ ಆಗಿ ಹಾಕಿದ್ದನ್ನು ಅಳಿಸಲು ಹೋದಾಗ ಫೋನು ಮೂರು ಪ್ರಶ್ನೆ ಕೇಳುತ್ತದೆ: ಇದೊಂದನ್ನೇ ಅಳಿಸಲೇ, ಇದನ್ನೂ ಮುಂದಿನವನ್ನೂ ಅಳಿಸಲೇ, ಎಲ್ಲವನ್ನೂ ಅಳಿಸಲೇ? ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ನಾಳೆ ಅದು ಮತ್ತೆ ಹಾಜರ್. ನಿಮಗೆ ಬೇಕಾದದ್ದು ಬಹುಪಾಲು ಎರಡನೆಯದು.

ಇಷ್ಟೆಲ್ಲ ಸರಿಯಾಗಿ ಹಾಕಿದ ಮೇಲೂ ಫೋನು ಸುಮ್ಮನಿದ್ದರೆ ಎರಡು ಕಡೆ ನೋಡಬೇಕು. 2022ರ ಆಂಡ್ರಾಯ್ಡ್ 13ರಿಂದ ಈಚೆಗೆ ಪ್ರತಿಯೊಂದು ಆ್ಯಪ್ ಕೂಡ ಸೂಚನೆ ಕೊಡಲು ನಿಮ್ಮ ಅನುಮತಿ ಕೇಳಬೇಕು; ಬೇಡದ ಜಾಹೀರಾತೆಂದು ತಿಳಿದು ನೀವು ಅದನ್ನು ನಿರಾಕರಿಸಿರಬಹುದು. ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಎಂಬುದನ್ನು ತೆರೆದು ಕ್ಯಾಲೆಂಡರಿನ ಎದುರಿನ ಗುಂಡಿ ಆನ್ ಆಗಿದೆಯೇ ಎಂದು ನೋಡಿ. ಎರಡನೆಯದು ಬ್ಯಾಟರಿ. ಅಲುಗಾಡದೆ, ಪರದೆ ಆರಿ, ಚಾರ್ಜಿಗೂ ಹಾಕದೆ ಬಿದ್ದಿರುವ ಫೋನು ಗಾಢ ನಿದ್ದೆಗೆ ಜಾರಿ ಆ್ಯಪುಗಳ ಕೆಲಸಗಳನ್ನು ಮುಂದಕ್ಕೆ ಹಾಕುತ್ತದೆ. 2015ರ ಆಂಡ್ರಾಯ್ಡ್ 6ರಲ್ಲಿ ಬಂದ ಏರ್ಪಾಡು ಇದು. ಗಡಿಯಾರದ ಅಲಾರಂಗೆ ಅದರಿಂದ ವಿನಾಯಿತಿಯಿದೆ, ಎಲ್ಲ ಆ್ಯಪುಗಳಿಗೂ ಇಲ್ಲ. ಆ್ಯಪಿನ ಬ್ಯಾಟರಿ ವಿಭಾಗದಲ್ಲಿ ಅನ್‌ರಿಸ್ಟ್ರಿಕ್ಟೆಡ್ ಎಂದು ಆರಿಸಿದರೆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಒಂದೇ ಒಂದು ಮಾತ್ರೆ, ಯಾವ ಕಾರಣಕ್ಕೂ ತಪ್ಪಬಾರದಂಥದ್ದು ಇದ್ದರೆ, ಅದಕ್ಕೆ ಟಾಸ್ಕಿನ ಜೊತೆಗೆ ಹೆಸರು ಬರೆದ ಒಂದು ಅಲಾರಂ ಕೂಡ ಇರಲಿ. ಉಳಿದ ಹತ್ತನ್ನು ದಯವಿಟ್ಟು ಅಳಿಸಿಬಿಡಿ.

ಇದೆಲ್ಲವನ್ನೂ ಇಲ್ಲಿ ಕುಳಿತು ನಾನೇ ಹಾಕಿಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಚಳಿಗಾಲದಲ್ಲಿ ಅದನ್ನೂ ಮಾಡಿ ನೋಡಿದೆ. ನಿಮ್ಮ ಕ್ಯಾಲೆಂಡರನ್ನು ನನ್ನ ಜೊತೆ ಹಂಚಿಕೊಳ್ಳುವಂತೆ ಮಾಡಿಸಿ, ನಿಮ್ಮ ಬೆಳಗಿನ ಆರು ಗಂಟೆಯ ಮಾತ್ರೆಗೆ ಇಲ್ಲಿಂದಲೇ ಜ್ಞಾಪನೆಯನ್ನು ಸೇರಿಸಿ, ದೊಡ್ಡ ಉಪಕಾರ ಮಾಡಿದೆನೆಂದು ಮಲಗಿದೆ. ನಡುರಾತ್ರಿ ಒಂದೂವರೆಗೆ ನನ್ನ ದಿಂಬಿನ ಪಕ್ಕದ ಫೋನು ಬಡಿದುಕೊಂಡಿತು: ಅಪ್ಪ, ಬಿಳಿ ಮಾತ್ರೆ. ನಿಮ್ಮ ಫೋನಿನಲ್ಲಿ ಕಮಕ್ ಕಿಮಕ್ ಇಲ್ಲ. ಹಂಚಿಕೊಂಡ ಕ್ಯಾಲೆಂಡರಿನಲ್ಲಿ ಬರೆದ ಈವೆಂಟ್ ಇಬ್ಬರಿಗೂ ಕಾಣುತ್ತದೆಯಾದರೂ ಸದ್ದು ಅವರವರ ಫೋನಿನ ಅವರವರ ಏರ್ಪಾಡು. ನಾನು ಇಟ್ಟ ಸದ್ದು ನನಗೇ ಬಂತು, ನಿಮ್ಮ ಕಡೆ ಅದು ಆಫ್ ಆಗಿತ್ತು. ಓದದೆ ಮಾಡಿದ ತಪ್ಪು ನನ್ನದೇ.

ಭಾನುವಾರದ ಕರೆಯ ವಿಷಯದಲ್ಲೂ ನಾನೇ ತಪ್ಪಿದೆ. ಅದನ್ನು ಇಲ್ಲಿಯ ಮಧ್ಯಾಹ್ನ ಮೂರೂವರೆಗೆ ಪ್ರತಿವಾರ ಎಂದು ಇಟ್ಟಿದ್ದೆ, ಬೇಸಿಗೆಯಲ್ಲಿ ಅದು ನಿಮ್ಮ ಸಂಜೆ ಏಳು. ಯುರೋಪಿನಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ; ಮೂರೂವರೆ ಗಂಟೆಯ ಅಂತರ ನಾಲ್ಕೂವರೆಯಾಯಿತು, ನನ್ನ ಫೋನು ಇಲ್ಲಿಯ ವೇಳೆಗೇ ನಿಷ್ಠೆಯಿಂದ ಇತ್ತು, ನೀವಿಬ್ಬರೂ ಏಳರಿಂದ ಎಂಟರವರೆಗೆ ಫೋನನ್ನು ನೋಡುತ್ತಾ ಕುಳಿತಿರಿ. ಭಾರತದಲ್ಲಿ ಗಡಿಯಾರವನ್ನು ಹಾಗೆ ತಿರುಗಿಸುವುದಿಲ್ಲವಾದ್ದರಿಂದ ಈಗ ಆ ಕರೆಯ ಟೈಮ್ ಝೋನನ್ನು ಭಾರತದ ಕಾಲಮಾನಕ್ಕೆ ಬದಲಿಸಿದ್ದೇನೆ. ಇನ್ನು ಮುಂದೆ ನಿಮಗೆ ವರ್ಷವಿಡೀ ಏಳೇ ಗಂಟೆ. ಏಳುಬೀಳು ಏನಿದ್ದರೂ ನನಗಿರಲಿ.

ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಲು ಹೋಗಬೇಡಿ. ವಾರದ ಮಾತ್ರೆಯನ್ನು ಮೊದಲು ಸರಿಮಾಡಿ. ಸೇವ್ ಒತ್ತಿದ ಮೇಲೆ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳಿಗೆ ಸರಿದು, ಗುರುತು ಯಾವ ಯಾವ ತಾರೀಖಿನ ಮೇಲೆ ಬಿದ್ದಿದೆ ಎಂದು ನೋಡಿ ಈ ಕಾಗದದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ. ಭಾನುವಾರ ಏಳಕ್ಕೆ ನಾನು ಕರೆಮಾಡಿದಾಗ ಓದಿ ಹೇಳಿ. ಎಲ್ಲವೂ ಸೋಮವಾರವೇ ಆಗಿದ್ದರೆ ಅಮ್ಮನ ಫೋನಿಗೆ ಕೈಹಾಕೋಣ.

ಇಂತಿ ನಿಮ್ಮ ಪ್ರೀತಿಯ ಮಗಳು